ಹಿತ್ತಲಮನೆಯಾಕೆಯ ಬಿಳಿ ಬಳೆ

ಅವತ್ತಿನ ಬೆಳಗೂ ಎಲ್ಲ ಬೆಳಗಿನ ಹಾಗೆ ನಲ್ಲಿಯ ಬುಸುಗುಟ್ಟುವ ಸದ್ದಿನಿಂದಲೇ ಶುರುವಾಯಿತು. ಚಿತ್ತವಾಡ್ಗಿಯ ನಮ್ಮ ಓಣಿಗೆ ನೀರು ಬರುವ ಮೊದಲು ಗಾಳಿ ಬರುತ್ತಿತ್ತು. ಆ ಗಾಳಿಯ ಸದ್ದಿಗೇ ಅವ್ವ ಎದ್ದು ಹಿತ್ತಲಿಗೆ ಹೋಗಿ ಕೊಡಗಳನ್ನು ಸಾಲಾಗಿ ಇಟ್ಟು, ಆಮೇಲೆ ಅಂಗಳಕ್ಕೆ ಸೆಗಣಿ ನೀರು ಚಳೆ ಹೊಡೆದು ರಂಗೋಲಿ ಹಾಕುತ್ತಿದ್ದಳು. ಸಂಡೂರಿನ ಕಡೆಯಿಂದ ಅದಿರು ತುಂಬಿದ ಲಾರಿಗಳು ಊರ ಮೇಲೆ ಕೆಂಪು ಧೂಳು ಸುರಿಯುತ್ತಿದ್ದ ಕಾಲ ಅದು. ಹೊತ್ತೇರುವುದರೊಳಗೆ ಅವ್ವನ ಬಿಳಿ ರಂಗೋಲಿ ತಿಳಿಗೆಂಪಾಗಿರುತ್ತಿತ್ತು. ಒಳಗೆ ದೇವರ ಕೋಣೆಯಲ್ಲಿ ಅಜ್ಜಿ ಲಿಂಗಪೂಜೆಗೆ ಕೂತಿರುತ್ತಿದ್ದಳು. ಅವಳು ಪೂಜೆಗೆ ಕೂತಾಗ ಮನೆಯಲ್ಲಿ ಯಾರೂ ಮಾತಾಡುವ ಹಾಗಿರಲಿಲ್ಲ. ಆದರೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡೇ ಅವಳು ಇಡೀ ಮನೆಯ ಸದ್ದು ಕೇಳಿಸಿಕೊಳ್ಳುತ್ತಿದ್ದಳು. ಹಾಲು ಉಕ್ಕುವ ಮೊದಲೇ ಅವಳ ಕೆಮ್ಮು ಕೇಳುತ್ತಿತ್ತು, ಆ ಕೆಮ್ಮಿಗೆ ಅವ್ವ ಒಲೆಯ ಕಡೆ ಓಡುತ್ತಿದ್ದಳು. ನಾನು ಪಡಸಾಲೆಯ ಕಂಬಕ್ಕೆ ಒರಗಿ, ಕಾನ್ವೆಂಟಿನ ಕೆಂಪು ರಿಬ್ಬನ್ನನ್ನು ಹಲ್ಲಲ್ಲಿ ಕಚ್ಚಿಕೊಂಡು, ಜಡೆ ಹಾಕಿಸಿಕೊಳ್ಳಲು ಕಾಯುತ್ತಿದ್ದೆ. ಅವತ್ತು ಮಾತ್ರ ರಿಬ್ಬನ್ ಬೇಕಿರಲಿಲ್ಲ, ಶಾಲೆಗೆ ಚಕ್ಕರ್ ಹೊಡೆಯಲು ಅವ್ವನೇ ಒಪ್ಪಿದ್ದಳು. ಅವತ್ತು ನಮ್ಮ ಮನೆಯಲ್ಲಿ ಗಿರಿಜತ್ತೆಯ ಕುಬಸ.

ಗಿರಿಜತ್ತೆ ಅಂದರೆ ಅಪ್ಪನ ತಂಗಿ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟವರ ಮನೆಗೆ ಕೊಟ್ಟಿದ್ದೆವು. ಏಳು ತಿಂಗಳ ಬಸುರಿ, ಚೊಚ್ಚಲು. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಬಸುರಿಯ ಬಾಯಿಗೆ ಸಿಹಿ ಇಡುವುದನ್ನು ನಮ್ಮ ಕಡೆ ಕುಬಸ ಅನ್ನುತ್ತಾರೆ. ಗಂಡನ ಮನೆಯ ಕುಬಸ ಕಂಪ್ಲಿಯಲ್ಲಿ ಮುಗಿದಿತ್ತು. ಈಗ ತವರಿನ ಸರದಿ. ಎರಡು ದಿನದಿಂದ ಮನೆಯಲ್ಲಿ ಹೂರಣದ ವಾಸನೆ. ಕರ್ಚಿಕಾಯಿ ಕರಿದು ಕರಿದು ಅವ್ವನ ಸೆರಗಿನ ತುದಿಗೂ ಎಣ್ಣೆ ಜಿಡ್ಡು. ಮಾಳಿಗೆಯ ಬೆಳಕಿಂಡಿಯಿಂದ ಬೀಳುವ ಬಿಸಿಲಿನ ಕೋಲಿನಲ್ಲಿ ಒಲೆಯ ಹೊಗೆ ಸುತ್ತುತ್ತಾ ಮೇಲೆ ಹೋಗುವುದನ್ನು ನೋಡುತ್ತಾ ಕೂರುವುದು ನನಗೆ ಆ ದಿನಗಳ ದೊಡ್ಡ ಸುಖ. ಈಗ ನನ್ನ ಅಡುಗೆಮನೆಯಲ್ಲಿ ಚಿಮಣಿ ಇದೆ, ಹೊಗೆ ಎಲ್ಲಿಗೆ ಹೋಗುತ್ತದೆ ಅಂತ ಕಾಣುವುದೇ ಇಲ್ಲ.

ಆದರೆ ಆ ಸಂಭ್ರಮದ ಮನೆಯೊಳಗೆ ಒಂದು ಮಾತು ಮುಳ್ಳಿನ ಹಾಗೆ ಕೂತಿತ್ತು. ಹಿಂದಿನ ಸಂಜೆ ಅಪ್ಪ ಊಟಕ್ಕೆ ಕೂತಾಗ ಅಜ್ಜಿ ರೊಟ್ಟಿಗೆ ಬೆಣ್ಣೆ ಸವರುತ್ತಾ, ಮುಖ ಎತ್ತದೆ ಹೇಳಿದ್ದಳು:

"ನಾಳಿಗೆ ಗಿರಿಜಾನ ಕಾರ್ಯ ಮುಗೀತೈತಿ. ನಾಡದು ಆ ಹಿತ್ತಲಮನಿಯಾವ್ರಿಗೆ ಹೇಳಿಬಿಡು, ಬ್ಯಾರೆ ಮನಿ ನೋಡ್ಕೊಳ್ಳಿ ಅಂತ."

"ಯವ್ವಾ, ಆ ಹೆಣ್ಮಗಳೂ ದಿನ ತುಂಬಾಕ ಬಂದಾಳ. ಈಗ ಎಲ್ಲಿಗೆ ಹೋಗ್ತಾರ?"

"ಅದಕ್ಕ ಹೇಳಾಕತ್ತೀನಿ. ನಮ್ಮ ಮನ್ಯಾಗ ಹುಟ್ಟೋದು ಬ್ಯಾಡ. ಓಣಿ ಮಂದಿಗೆ ನಾ ಏನಂತ ಬಾಯಿ ಕೊಡ್ಲಿ?"

ಅಪ್ಪ ತಟ್ಟೆಯ ಮೇಲೆ ಬಗ್ಗಿ ರೊಟ್ಟಿ ಮುರಿದ. ಅವ್ವ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಿದ್ದಳು. ಅವಳ ಕೈಯಲ್ಲಿದ್ದ ರೊಟ್ಟಿ ತಟ್ಟುವ ಸದ್ದು ಮಾತ್ರ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಹಿತ್ತಲಮನೆ ಅಂದರೆ ನಮ್ಮ ಹಿತ್ತಲಿನ ತುದಿಗೆ, ಬೇವಿನ ಗಿಡದ ಬುಡದಲ್ಲಿ ಇದ್ದ ಒಂದು ಕೋಣೆ, ಒಂದು ಅಡುಗೆ ಮೂಲೆ. ಹಿಂದೆ ಅಲ್ಲಿ ದನ ಕಟ್ಟುತ್ತಿದ್ದರಂತೆ. ಅಲ್ಲಿಗೆ ಬಂದವರು ಬಂಗಾಳದ ಗಂಡಹೆಂಡತಿ. ಗಂಡ ತಪನ್, ತೋರಣಗಲ್ಲಿನ ಕಡೆ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಹೆಂಡತಿ ಮಿನತಿ. ಗಂಡನಿಗೆ ಹಿಂದಿ ಬರುತ್ತಿತ್ತು, ಅಂಗಡಿ ಕನ್ನಡವೂ ಅಷ್ಟಿಷ್ಟು ಬಂದಿತ್ತು. ಅವನು ಕಾರ್ಖಾನೆಯ ಬಸ್ಸು ಹತ್ತಿದ ಮೇಲೆ ಉಳಿಯುತ್ತಿದ್ದವಳು ಅವಳೊಬ್ಬಳೇ. ಅವಳಿಗೆ ಹಿಂದಿಯೂ ನನ್ನ ಹಾಗೆಯೇ, ಅಂದರೆ ಶಾಲೆಯ ಪುಸ್ತಕದಷ್ಟು. ನಾವಿಬ್ಬರೂ ಪುಸ್ತಕದ ಹಿಂದಿಯಲ್ಲಿ ಮಾತಾಡುತ್ತಿದ್ದೆವು. "ಯಹ್ ಕ್ಯಾ ಹೈ?" "ಯಹ್ ಪೇಡ್ ಹೈ." ಬೇವಿನ ಗಿಡದ ಕೆಳಗೆ ಅದಕ್ಕಿಂತ ದೂರ ನಮ್ಮ ಮಾತು ಹೋಗುತ್ತಿರಲಿಲ್ಲ, ಆದರೂ ಅವಳು ನಾನು ಶಾಲೆಯಿಂದ ಬರುವ ಹೊತ್ತಿಗೆ ಬಾಗಿಲಲ್ಲಿ ನಿಂತಿರುತ್ತಿದ್ದಳು. ನನ್ನ ಬೂಟಿನ ಲೇಸು ಬಿಚ್ಚುವುದು ಅವಳಿಗೆ ಯಾಕೋ ಇಷ್ಟ. ಗಂಟು ಎಷ್ಟೇ ಬಿಗಿದಿರಲಿ, ಉಗುರಿನ ತುದಿಯಿಂದ ಮೆಲ್ಲಗೆ ಸಡಿಲಿಸುತ್ತಿದ್ದಳು. ಹಾಗೆ ಬಗ್ಗಿದಾಗ ಅವಳ ಕೈಯ ಬಿಳಿ ಬಳೆಗಳು ನನ್ನ ಕಾಲಿಗೆ ತಾಕಿ ತಣ್ಣಗೆನಿಸುತ್ತಿದ್ದವು. ಗಾಜಿನ ಬಳೆಯ ಹಾಗೆ ಅವು ಸದ್ದು ಮಾಡುತ್ತಿರಲಿಲ್ಲ.

ಆ ಬಳೆಯೇ ಓಣಿಯ ತಕರಾರು. ಎದುರು ಮನೆಯ ಪಂಪಕ್ಕ ಮೊದಲು ಅದನ್ನು ಎತ್ತಿದ್ದು. ಪಂಪಕ್ಕ ಅಂದರೆ ನಮ್ಮ ಓಣಿಯ ಎಲ್ಲ ಶುಭಕಾರ್ಯಕ್ಕೂ ಮೊದಲ ಆರತಿ ಎತ್ತುವ ಮುತ್ತೈದೆ. ಅಗಲವಾದ ಕುಂಕುಮ, ಮೊಳಕೈವರೆಗೆ ಹಸಿರು ಬಳೆ, ದೊಡ್ಡ ದನಿ. ಅವಳು ಒಪ್ಪಿದರೆ ಓಣಿ ಒಪ್ಪಿದ ಹಾಗೆ. ನಮ್ಮ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಾ ಅವಳು ಅಜ್ಜಿಗೆ ಹೇಳುತ್ತಿದ್ದದ್ದು ನನಗೆ ಈಗಲೂ ಕಿವಿಯಲ್ಲಿದೆ:

"ಕೊರಳಾಗ ತಾಳಿ ಇಲ್ಲ. ಕಾಲಾಗ ಕಾಲುಂಗುರ ಇಲ್ಲ. ಕೈಯಾಗ ನೋಡಿದ್ರ ಪ್ಲಾಸ್ಟಿಕ್ ಬಳಿ, ಅದೂ ಬಿಳೇವು. ನೀವು ಯಾರನ್ನ ತಂದು ಇಟ್ಕೊಂಡೀರಿ ಯಕ್ಕಾ?"

"ಗಂಡಹೆಂಡ್ತಿ ಅಂತ ಹೇಳಿದ್ರವ್ವ. ಫ್ಯಾಮಿಲಿ ಅಂದ."

"ಫ್ಯಾಮಿಲಿ ಅಂತ ಯಾರು ಬೇಕಾದ್ರೂ ಅಂತಾರ. ಕಟ್ಗೊಂಡ್ ಬಂದಾನೋ, ಓಡಿಸ್ಕೊಂಡ್ ಬಂದಾನೋ, ಯಾರಿಗ್ ಗೊತ್ತು?"

"ಬೈತಲಿಗೆ ಕೆಂಪು ಹಚ್ಕೊಂತಾಳ ಪಂಪಕ್ಕ, ನಾ ನೋಡೀನಿ," ಅಂತ ಒಳಗಿನಿಂದ ಅವ್ವ ಮೆತ್ತಗೆ ಅಂದಳು.

"ಅದು ಹಿಂದಿ ಸಿನಿಮಾದಾಗ ಹಚ್ಕೊಂತಾರವ್ವ. ಶೋಕಿ ಅದು. ಸಿನಿಮಾ ನೋಡಿ ನಾವೂ ಹಚ್ಕೊಂಡ್ರ ಆತೇನು?"

ಅವಳನ್ನೇ ಕೇಳಿಬಿಡಬಹುದಿತ್ತು ಅಂತ ಈಗ ಅನ್ನಿಸುತ್ತದೆ. ಆದರೆ ನಮ್ಮ ಕಡೆ ಹೆಣ್ಣುಮಗಳಿಗೆ, ಅದೂ ಬಸುರಿಗೆ, ನಿನಗೆ ಮದುವೆ ಆಗಿದೆಯಾ ಅಂತ ಎದುರಿಗೆ ಕೇಳುವುದು ಅಂದರೆ ಕಪಾಳಕ್ಕೆ ಹೊಡೆದ ಹಾಗೆ. ಕನ್ನಡದಲ್ಲೇ ಕೇಳಲಾಗದ ಮಾತು ಹಿಂದಿಯಲ್ಲಿ ಹೇಗೆ ಕೇಳುವುದು? ಅದಕ್ಕೇ ಎಲ್ಲರೂ ಅವಳ ಕೊರಳು, ಕಾಲು, ಕೈ ನೋಡಿ ತಾವೇ ಉತ್ತರ ಮಾಡಿಕೊಂಡರು. ಅವಳ ಉಳಿದ ನಡವಳಿಕೆಯೂ ಅದೇ ಲೆಕ್ಕಕ್ಕೆ ಸೇರಿತು. ಅಜ್ಜಿ ಎದುರಾದರೆ ಮಿನತಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಗೋಡೆಯ ಕಡೆ ಸರಿಯುತ್ತಿದ್ದಳು. ನಮ್ಮಲ್ಲಿ ಹಿರಿಯರು ಕಂಡರೆ ನಿಂತು ಮಾತಾಡಿಸಬೇಕು, ಉಂಡಿರೇನು ಅಂತ ಕೇಳಬೇಕು. ಮುಖ ಮುಚ್ಚಿಕೊಂಡರೆ ಸೊಕ್ಕು, ಇಲ್ಲವೇ ತಪ್ಪು ಮಾಡಿದವಳ ಅಂಜಿಕೆ. ಒಮ್ಮೆ ಅಜ್ಜಿ ಕರೆದು, "ಬಾರವ್ವ, ಕುಂದ್ರು," ಅಂತ ಮಂಚ ತೋರಿಸಿದಳು. ಮಿನತಿ ಮಂಚದ ಮೇಲೆ ಕೂರದೆ ಬರೀ ನೆಲದ ಮೇಲೆ ಕೂತಳು. ಅತ್ತೆಯ ವಯಸ್ಸಿನವರ ಸಮಕ್ಕೆ ಕೂರಬಾರದು ಅಂತ ಅವಳು ಕಲಿತು ಬಂದದ್ದು. ಅಜ್ಜಿಗೆ ತಿಳಿದದ್ದು ಬೇರೆ: ಕೊಟ್ಟ ಜಾಗ ಒಲ್ಲೆ ಅಂದಳು ಅಂತ. ಮತ್ತೆ ಕರೆಯಲಿಲ್ಲ. ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತಾ ಕೊಡುತ್ತಾ ದೂರವಾದರು. ದೊಡ್ಡವಳಾದ ಮೇಲೆ ಎಷ್ಟೋ ಮನೆಗಳಲ್ಲಿ ಇದನ್ನು ನೋಡಿದ್ದೇನೆ. ಜಗಳಕ್ಕೆ ಒಂದು ಭಾಷೆಯಾದರೂ ಬೇಕು, ಇದಕ್ಕೆ ಅದೂ ಬೇಡ.

ಕುಬಸಕ್ಕೆ ಕರೆಯಲು ಹಿಂದಿನ ದಿನ ಅವ್ವನೂ ನಾನೂ ಹೋಗಿದ್ದೆವು. ನಮ್ಮಲ್ಲಿ ಇಂಥ ಕಾರ್ಯಕ್ಕೆ ಬಾಯಿಮಾತಿನ ಕರೆ ಕರೆಯೇ ಅಲ್ಲ. ಕುಂಕುಮದ ಭರಣಿ ಹಿಡಿದು ಮನೆಮನೆಗೆ ಹೋಗಿ, ಮನೆಯಾಕೆಯ ಹಣೆಗೆ ಕುಂಕುಮ ಇಟ್ಟು, "ನಾಳೆ ನಮ್ಮ ಗಿರಿಜಾನ ಕುಬಸ, ಬರಬೇಕ್ರಿ," ಅನ್ನಬೇಕು. ಕುಂಕುಮ ಇಟ್ಟರೆ ಬರಲೇಬೇಕು. ಇಡದಿದ್ದರೆ ಎದುರು ಮನೆಯವರಾದರೂ ಬರುವ ಹಾಗಿಲ್ಲ. ಭರಣಿ ನನ್ನ ಕೈಯಲ್ಲಿತ್ತು. ಓಣಿಯ ಎರಡೂ ಸಾಲು ಮುಗಿಸಿ ಮನೆಗೆ ಬಂದಾಗ ನಾನು ಹಿತ್ತಲ ಕಡೆ ತಿರುಗಿದೆ. ದೇವರ ಕೋಣೆಯ ಬಾಗಿಲಲ್ಲಿ ನಿಂತಿದ್ದ ಅಜ್ಜಿ ಕೆಮ್ಮಿದಳು. ಅವ್ವ ನನ್ನ ಕೈಯಿಂದ ಭರಣಿ ತೆಗೆದುಕೊಂಡು ಮುಚ್ಚಳ ಹಾಕಿ ಗೂಡಿನಲ್ಲಿ ಇಟ್ಟಳು. ಮದುವೆ ಆಗಿದೆಯೋ ಇಲ್ಲವೋ ಗೊತ್ತಿಲ್ಲದವಳ ಹಣೆಗೆ ಕುಂಕುಮ ಹೇಗೆ ಇಡುವುದು?

ಹಾಗಾಗಿ ಅವತ್ತು ಬೆಳಿಗ್ಗೆ ನಲ್ಲಿಯ ಹತ್ತಿರ ಅವ್ವ ನನಗೆ ಹೇಳಿದ್ದು ಬರೀ ನೀರಿನ ಮಾತು. ಮಿನತಿ ಒಂದು ಕೈ ಸೊಂಟಕ್ಕೆ ಕೊಟ್ಟು, ಇನ್ನೊಂದರಲ್ಲಿ ಕೊಡ ಹಿಡಿದು ತನ್ನ ಸರದಿಗೆ ನಿಂತಿದ್ದಳು.

"ಆಕಿಗೆ ಹೇಳು ಶೈಲೀ, ಇವತ್ತು ನಮ್ಮನ್ಯಾಗ ಕಾರ್ಯ ಐತಿ, ಮಂದಿ ಬರ್ತಾರ, ನೀರು ಈಗ ಹಿಡ್ಕೊ, ಆಮೇಲೆ ಸಿಗಲ್ಲ ಅಂತ."

ನಾನು ಪುಸ್ತಕದ ಹಿಂದಿಯಲ್ಲಿ ಎಲ್ಲವನ್ನೂ ಒಪ್ಪಿಸಿದೆ, ನೀರಿನ ಮಾತು ಸೇರಿಸಿಯೇ. ಏನು ಕಾರ್ಯ ಅಂತ ಅವಳು ಕೇಳಿದಳು. ಅಷ್ಟರಲ್ಲಿ ಗಿರಿಜತ್ತೆ ಬಚ್ಚಲಿಂದ ತಲೆಗೆ ಟವೆಲ್ ಸುತ್ತಿಕೊಂಡು ಹೊರಗೆ ಬಂದಳು. ನಾನು ಅತ್ತೆಯ ಹೊಟ್ಟೆ ತೋರಿಸಿದೆ. ಮಿನತಿಯ ಮುಖ ಅರಳಿದ್ದು ನನಗೆ ಮರೆಯುವಂತಿಲ್ಲ. ಅವಳು ತನ್ನ ಹೊಟ್ಟೆ ಮುಟ್ಟಿಕೊಂಡಳು, ಅತ್ತೆಯ ಕಡೆ ನೋಡಿ ತಲೆಯಾಡಿಸಿದಳು, ಕೊಡವನ್ನು ಅರ್ಧ ತುಂಬಿದ ಹಾಗೇ ಎತ್ತಿಕೊಂಡು ಸರಸರ ಒಳಗೆ ಹೋದಳು. ಮನೆಯಲ್ಲಿ ಶುಭಕಾರ್ಯ ಇದೆ ಅಂತ ಮನೆಯವರೇ ಬಾಯಿಬಿಟ್ಟು ಹೇಳಿದ ಮೇಲೆ ಇನ್ನೇನು ಕರೆ ಬೇಕು? ಅವಳ ಊರಲ್ಲಿ ಅಷ್ಟೇ ಸಾಕಂತೆ. ಅವ್ವ ನಿಟ್ಟುಸಿರು ಬಿಟ್ಟು, "ಪಾಪ, ನೀರೂ ಪೂರ್ತಿ ಹಿಡಿಲಿಲ್ಲ," ಅಂದಳು.

ಹೊತ್ತು ಏರಿದಂತೆ ಪಡಸಾಲೆ ಹಸಿರಾಯಿತು. ಗಿರಿಜತ್ತೆ ಹಸಿರು ಇಳಕಲ್ ಸೀರೆ ಉಟ್ಟು, ಮುಡಿತುಂಬ ಹೂವು ಮುಡಿದು ಮಣೆಯ ಮೇಲೆ ಕೂತಿದ್ದಳು. ಸುತ್ತ ಓಣಿಯ ಹೆಂಗಸರು, ಕಂಪ್ಲಿಯಿಂದ ಬಂದ ಬೀಗರು. ಅಜ್ಜಿ ಮಾತ್ರ ಅಲ್ಲಿರಲಿಲ್ಲ. ಅಜ್ಜ ಹೋದ ಮೇಲೆ ಅವಳು ಶುಭಕಾರ್ಯದ ಹೊತ್ತಿಗೆ ಪಡಸಾಲೆಗೆ ಬರುತ್ತಿರಲಿಲ್ಲ. ಹಾಗಂತ ಯಾರೂ ಹೇಳಿರಲಿಲ್ಲ, ತಾನೇ ಹಾಕಿಕೊಂಡ ಗೆರೆ ಅದು. ನಡುಮನೆಯ ಬಾಗಿಲ ಹಿಂದೆ, ಬರಿಗೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ನಿಂತು, ಅಲ್ಲಿಂದಲೇ ಎಲ್ಲ ನಡೆಸುತ್ತಿದ್ದಳು. "ಶೈಲೀ, ಎಲಿ ಅಡಿಕಿ ತಟ್ಟಿ ಮುಂದಿಡು." "ಅರಿಶಿಣ ಎಲ್ಲಿ ಅಂತ ಕೇಳು ನಿಮ್ಮವ್ವಗ." ತನ್ನ ಮಗಳ ಕುಬಸವನ್ನು ಬಾಗಿಲ ಸಂದಿಯಿಂದ ನೋಡುತ್ತಿದ್ದ ಆ ವಿಭೂತಿಯ ಹಣೆ ನನಗೆ ಈಗ ಕಾಣುವಷ್ಟು ಅವತ್ತು ಕಾಣಲಿಲ್ಲ. ಅವತ್ತು ನನ್ನ ಕಣ್ಣೆಲ್ಲ ಬಳೆಗಾರ ತಾತನ ಮೇಲೆ. ಅವನು ಬಳೆಯ ಮಲಾರ ಬಿಚ್ಚಿ, ಹೆಂಗಸರ ಕೈಯನ್ನು ಹಿಟ್ಟು ನಾದಿದ ಹಾಗೆ ಒತ್ತಿ ಮೆದು ಮಾಡಿ, ಮಾತಾಡಿಸುತ್ತಾ ಮಾತಾಡಿಸುತ್ತಾ ಬಳೆ ಏರಿಸಿಬಿಡುತ್ತಿದ್ದ. ಗಿರಿಜತ್ತೆಗೆ ಆಯಿತು, ಪಂಪಕ್ಕನಿಗೆ ಆಯಿತು.

ಆಗ ಹಿತ್ತಲ ಬಾಗಿಲಿಂದ ಮಿನತಿ ಬಂದಳು. ಬಿಳಿ ಸೀರೆ. ಅಗಲ ಕೆಂಪು ಅಂಚಿನ, ಹಾಲಿನಂಥ ಬಿಳಿ ಸೀರೆ. ಅದನ್ನು ನಾನು ಅವಳ ಟ್ರಂಕಿನಲ್ಲಿ ನೋಡಿದ್ದೆ; ಊರಿನ ಕೆಂಪು ಧೂಳಿಗೆ ಹೆದರಿ ಅವಳು ಅದನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಇಟ್ಟಿದ್ದಳು. ಸೆರಗು ಹಣೆಯವರೆಗೆ ಇತ್ತು. ಕೈಯಲ್ಲಿ ಸ್ಟೀಲ್ ತಟ್ಟೆ, ತಟ್ಟೆಯ ನಡುವೆ ಅರಿಶಿಣ ಮತ್ತು ಗರಿಕೆ, ಅವುಗಳ ಪಕ್ಕದಲ್ಲಿ ಕಣ್ಣು, ರೆಕ್ಕೆ, ಬಾಲ ಎಲ್ಲ ಇದ್ದ ಒಂದು ದೊಡ್ಡ ಮೀನು. ಹಾಲೊಡೆಸಿ ಸಕ್ಕರೆ ಹಾಕಿ ಹದ ಮಾಡಿ, ತವರಿಂದ ತಂದ ಮರದ ಅಚ್ಚಿನಲ್ಲಿ ಒತ್ತಿದ ಸಿಹಿ ಅದು. ಅವರಲ್ಲಿ ಕೆಂಪಂಚಿನ ಬಿಳಿ ಸೀರೆ ಉಡುವುದೂ ಬಸುರಿಗೆ ಮೀನು ಕೊಡುವುದೂ ಶುಭವಂತೆ. ನಮ್ಮ ಮನೆಯಲ್ಲಿ ಮೀನು ನಡೆಯುವುದಿಲ್ಲ ಅಂತ ಮನೆ ಕೊಡುವಾಗಲೇ ಅಪ್ಪ ಹೇಳಿದ್ದ, ಅದಕ್ಕೇ ಅವಳು ಹಾಲಿನ ಮೀನು ಮಾಡಿದ್ದಳು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ಗಳಿಗೆಯಲ್ಲಿ ಪಡಸಾಲೆಗೆ ಕಂಡದ್ದು ಕರೆಯದೆ ಬಂದ ಹೆಂಗಸು, ಬಿಳಿ ಸೀರೆ, ಮೀನು.

"ಅಯ್ಯ ಶಿವನ!" ಅಂದಳು ಯಾರೋ.

"ಕುಬಸಕ್ಕ ಬಿಳೇ ಸೀರಿ ಉಟ್ಕೊಂಡ್ ಬಂದಾಳಲ್ಲೇ," ಅಂದಳು ಪಂಪಕ್ಕ, ಪಿಸುಮಾತು ಅಂದುಕೊಂಡೇ. ಅವಳ ಪಿಸುಮಾತು ಬೀದಿಗೆ ಕೇಳುತ್ತಿತ್ತು. "ಅದರ ಮ್ಯಾಲೆ ಲಿಂಗ ಕಟ್ಟಿದವರ ಮನಿಗೆ ಮೀನು!"

ನನಗೆ ಬಿಳಿ ಅಷ್ಟು ಗಾಬರಿ ಹುಟ್ಟಿಸಲಿಲ್ಲ. ಕಾನ್ವೆಂಟಿನ ಪಕ್ಕದ ಚರ್ಚಿನಲ್ಲಿ ಮದುವಣಗಿತ್ತಿ ಬಿಳಿ ಉಟ್ಟು, ನಗುತ್ತಾ ಇಳಿದು ಬರುವುದನ್ನು ನಾವು ಹುಡುಗಿಯರೆಲ್ಲ ಕಾಂಪೌಂಡ್ ಗೋಡೆ ಹತ್ತಿ ನೋಡಿದ್ದೆವು. ಆ ಪಡಸಾಲೆಯಲ್ಲಿ ಬಿಳಿಯಲ್ಲೂ ಮಂಗಳ ಇದೆ ಅಂತ ಗೊತ್ತಿದ್ದವಳು ಬಹುಶಃ ನಾನೊಬ್ಬಳೇ. ಹೇಳಿದರೆ ಕೇಳುವವರು ಯಾರು? ಮಿನತಿ ಮಾತ್ರ ಯಾವುದೂ ತಿಳಿಯದೆ ನಗುತ್ತಾ ತಟ್ಟೆಯನ್ನು ಗಿರಿಜತ್ತೆಯ ಮುಂದೆ ಇಟ್ಟು, ಹೆಂಗಸರ ಸಾಲಿನ ತುದಿಗೆ ನೆಲದ ಮೇಲೆ ಕೂತಳು. ಪಕ್ಕದಲ್ಲಿದ್ದವಳು ಸೀರೆಯ ನೆರಿಗೆ ಎಳೆದುಕೊಂಡು ಚೂರು ಸರಿದಳು. ಆಗ ಮಿನತಿಯ ನಗು ನಿಂತಿತು. ಅವಳು ನನ್ನ ಕಡೆ ನೋಡಿದಳು. ಆ ನೋಟಕ್ಕೆ ನನ್ನ ಪುಸ್ತಕದಲ್ಲಿ ಹಿಂದಿ ಇರಲಿಲ್ಲ.

ಬಳೆಗಾರ ತಾತನಿಗೆ ಈ ಗೊಡವೆಯೆಲ್ಲ ತಿಳಿಯದು. ಸಾಲಿನಲ್ಲಿ ಯಾರಿದ್ದರೂ ಅವನಿಗೆ ಅದು ಕೈ ಅಷ್ಟೇ. ಅವನು ಸರಿಯುತ್ತಾ ಸರಿಯುತ್ತಾ ಅವಳವರೆಗೆ ಬಂದು, ಅವಳ ಕೈ ಹಿಡಿದ.

"ಬಾರವ್ವ ಮಗಳ, ನೀನೂ ಬಸುರಿ ಅದೀಯಲ್ಲ. ಮೊದ್ಲು ಈ ಬಿಳೇವು ತೆಗಿತೀನಿ, ಆಮ್ಯಾಲೆ ಹಸುರು ಸಲೀಸಾಗಿ ಏರ್ತಾವ," ಅಂದು ಅವಳ ಹಸ್ತ ಒತ್ತಿ, ಬಿಳಿ ಬಳೆಯನ್ನು ಬೆರಳುಗಳ ಕಡೆ ಜಾರಿಸತೊಡಗಿದ.

ಮಿನತಿ ಕಿರುಚಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತೇನೋ. ಕೈಯನ್ನು ಸೆಳೆದುಕೊಂಡು ಮುಷ್ಟಿ ಕಟ್ಟಿ ಎದೆಗೆ ಒತ್ತಿಕೊಂಡಳು. ಇನ್ನೊಂದು ಕೈಯಿಂದ ಆ ಬಳೆಗಳನ್ನು ಮುಚ್ಚಿಕೊಂಡಳು. ತಲೆಯ ಸೆರಗು ಜಾರಿತು. ಬೈತಲೆಯ ಕೆಂಪು ಹಣೆಯವರೆಗೂ ಕಂಡಿತು. ತಲೆ ಬೇಡ ಬೇಡ ಅಂತ ಆಡುತ್ತಿತ್ತು. ತಾತ ಗಾಬರಿಯಾಗಿ, "ನೋವಾತೇನವ್ವ?" ಅಂದ. ಅವಳು ಕಣ್ಣು ಮುಚ್ಚಿ ಏನೋ ದೇವರ ಹೆಸರು ಹೇಳಿಕೊಂಡಳು.

ನಡುಮನೆಯ ಬಾಗಿಲು ಸದ್ದಾಯಿತು. ಅಜ್ಜಿ ಹೊಸ್ತಿಲು ದಾಟಿ ಪಡಸಾಲೆಗೆ ಬಂದಿದ್ದಳು.

ಶುಭಕಾರ್ಯದ ನಡುವೆ, ಮಗಳ ಉಡಿ ತುಂಬುವ ಮೊದಲು, ಅಜ್ಜಿ ಹೀಗೆ ಎದುರಿಗೆ ಬಂದದ್ದನ್ನು ಯಾರೂ ನೋಡಿರಲಿಲ್ಲ. ಅವಳು ಯಾರ ಮುಖವನ್ನೂ ನೋಡಲಿಲ್ಲ. ನೇರ ಹೋಗಿ ಮಿನತಿಯ ಮುಂದೆ, ನೆಲದ ಮೇಲೆ, ಅವಳ ಸಮಕ್ಕೆ ಕೂತಳು. ಸೆರಗಿನೊಳಗಿಂದ ತನ್ನ ಬರಿಗೈ ತೆಗೆದು ಆ ಬಿಗಿದ ಮುಷ್ಟಿಯ ಮೇಲೆ ಇಟ್ಟಳು. ನಮ್ಮಲ್ಲೂ ಬಳೆ ಬದಲಿಸುವಾಗ ಮುತ್ತೈದೆಯ ಕೈಯನ್ನು ಪೂರ್ತಿ ಬರಿದು ಮಾಡುವುದಿಲ್ಲ. ಒಂದನ್ನಾದರೂ ಬಿಟ್ಟುಕೊಂಡೇ ಹೊಸದು ಏರಿಸುತ್ತಾರೆ. ಆ ಒಂದು ಬಳೆಗಾಗಿ ಹೆಂಗಸರು ಪಡುವ ಅಂಜಿಕೆ ಎಂಥದ್ದು ಅಂತ ಅಜ್ಜಿಗೆ ಯಾರೂ ಹೇಳಬೇಕಿರಲಿಲ್ಲ. ಅಜ್ಜನ ಹೆಣದ ಮುಂದೆ ತನ್ನ ಕೈಯನ್ನು ಅವಳೂ ಹೀಗೆಯೇ ಎದೆಗೆ ಒತ್ತಿಕೊಂಡು, ಬಿಡಿಸಲು ಬಂದ ಹೆಂಗಸರಿಗೆ ಬಹಳ ಹೊತ್ತು ಕೊಟ್ಟಿರಲಿಲ್ಲವಂತೆ.

"ಬಿಡಪಾ, ಆಕಿ ಕೈ ಬಿಡು," ಅಂದಳು ಬಳೆಗಾರನಿಗೆ. "ಅವನ್ನ ಮುಟ್ಟಬ್ಯಾಡ. ಅವು ಇದ್ದಲ್ಲೇ ಇರ್ಲಿ, ಅವುಗಳ ಮುಂದ ಹಸುರು ಹಾಕು."

ಆಮೇಲೆ ಹೆಂಗಸರ ಕಡೆ ತಿರುಗಿದಳು.

"ತಾಳಿ ಎಲ್ಲೈತಿ, ತಾಳಿ ಎಲ್ಲೈತಿ ಅಂತಿದ್ವಲ್ಲ ಎಲ್ರೂ. ನಾನೂ ಅಂದೆ. ನೋಡ್ರಿ ಈಗ, ಆಕಿ ತಾಳಿ ಕೈಯಾಗೈತಿ."

ತಾತ ಬಿಳಿ ಬಳೆಗಳನ್ನು ಮೊಳಕೈ ಕಡೆ ಮೆಲ್ಲಗೆ ಮೇಲೆ ಸರಿಸಿ ತೋರಿಸಿದ, ತೆಗೆಯುವುದಿಲ್ಲ ನೋಡು ಅನ್ನುವ ಹಾಗೆ. ಮಿನತಿ ಮುಷ್ಟಿ ಸಡಿಲಿಸಿದಳು. ಆ ಬಿಳಿಯವು ಪ್ಲಾಸ್ಟಿಕ್ ಅಲ್ಲ, ಮದುವೆಯಲ್ಲಿ ತೊಡಿಸಿದ ಶಂಖದ ಬಳೆ ಅಂತ ನನಗೆ ಆಮೇಲೆ ತಿಳಿಯಿತು. ಹಸಿರು ಬಳೆಗಳು ಒಂದೊಂದಾಗಿ ಬಿಳಿಯ ಮುಂದೆ ಬಂದು ಕೂತವು. ಅವಳ ಕೈ ಮೊದಲ ಸಲ ಸದ್ದು ಮಾಡಿತು. ಅಜ್ಜಿ ಅವ್ವನನ್ನು ಕರೆದು, "ಭರಣಿ ತಗೊಂಡ್ ಬಾ. ಕುಂಕುಮ ಇಡು ಈಕಿಗೆ. ಉಡಿ ತುಂಬೋದು ಇಬ್ರಿಗೂ ಆಗ್ಲಿ," ಅಂದಳು. ತಾನು ಮಾತ್ರ ಭರಣಿ ಮುಟ್ಟಲಿಲ್ಲ. ಅವ್ವ ಗೂಡಿನಿಂದ ಭರಣಿ ತಂದು ಅವಸರದಲ್ಲಿ ಇಡುವಾಗ ಕುಂಕುಮ ಮಿನತಿಯ ಮೂಗಿನ ಮೇಲೂ ಉದುರಿತು. ಅದನ್ನು ನೋಡಿ ಗಿರಿಜತ್ತೆ ಫಕ್ಕನೆ ನಕ್ಕಳು. ನಗುತ್ತಲೇ ಕೈ ಚಾಚಿ ತಟ್ಟೆಯ ಮೀನಿನ ಬಾಲ ಮುರಿದು ಬಾಯಿಗೆ ಹಾಕಿಕೊಂಡಳು.

"ಲೇ ಗಿರಿಜಾ!" ಅಂದರು ಇಬ್ಬರು ಮೂವರು ಒಟ್ಟಿಗೇ.

"ಹಾಲೈತ್ರೀ ಇದು! ಮಸ್ತ್ ಐತಿ. ಬೇಕಾದ್ರ ತಿಂದು ನೋಡ್ರಿ, ಮುಳ್ಳು ಸಿಕ್ರ ನನ್ ಕೇಳ್ರಿ."

ಆಮೇಲೆ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಬಸದ ರವಿಕೆ ಕಣ. ಮಿನತಿಯ ಬಿಳಿ ಸೆರಗಿನಲ್ಲಿ ಹಸಿರು ಕಣ ಬಿದ್ದಾಗ ಅವಳು ಬಗ್ಗಿ ಅಜ್ಜಿಯ ಪಾದ ಮುಟ್ಟಲು ಹೋದಳು, ಹೊಟ್ಟೆ ಅಡ್ಡ ಬಂತು. ಅಜ್ಜಿ ಅವಳನ್ನು ಅರ್ಧದಲ್ಲೇ ಹಿಡಿದುಕೊಂಡಳು. ಆದರೆ ಪಂಪಕ್ಕ ಆರತಿ ಎತ್ತಿದವಳು ಊಟಕ್ಕೆ ನಿಲ್ಲಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಅಂದು ಎದ್ದು ಹೋದಳು. ಹೋಳಿಗೆ ಕಟ್ಟಿಕೊಡುತ್ತೇನೆಂದು ಅವ್ವ ಅಂಗಳದವರೆಗೆ ಓಡಿದರೂ ತಿರುಗಿ ನೋಡಲಿಲ್ಲ. ಅವಳು ಎದ್ದದ್ದು ನೋಡಿ ಇನ್ನೂ ಕೆಲವರು ಎಲೆಯ ಮುಂದೆ ಬೇಗ ಬೇಗ ಕೈ ತೊಳೆದರು. ಮನೆ ಖಾಲಿಯಾದ ಮೇಲೆ ಅಜ್ಜಿಯ ಮುಖ ಇಳಿಯಿತು. ಅದನ್ನು ನಾನು ಕಂಡೆ. ಅವಳ ಅಂಜಿಕೆ ಎರಡು ಪಟ್ಟಾಗಿತ್ತು. ಮಿನತಿಯನ್ನು ಓಣಿ ಒಪ್ಪದಿದ್ದರೆ ಆ ಬಸುರಿ ಈ ಮನೆಯಲ್ಲಿ ಹೇಗೆ ದಿನ ಕಳೆದಾಳು? ಅದಕ್ಕಿಂತ ದೊಡ್ಡದು, ನಾಳೆ ಗಿರಿಜತ್ತೆಯ ಹೆರಿಗೆಯಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ, ತಾಯಿಯೇ ಕುಬಸದಲ್ಲಿ ಅಡ್ಡ ಬಂದಳು ಅನ್ನುವ ಮಾತು ಜನ್ಮಪೂರ್ತಿ ಅವಳ ತಲೆಯ ಮೇಲೆ.

ಅಪ್ಪ ಸಂಜೆ ಬಂದು ಚಪ್ಪಲಿ ಬಿಡುತ್ತಾ ಕೇಳಿದ, "ಯವ್ವಾ, ನಾಳೆ ಆ ತಪನ್‌ಗ ಮಾತಾಡ್ಲೇನು ಹಂಗಾದ್ರ?"

"ಏನೂ ಮಾತಾಡಬ್ಯಾಡ," ಅಂದಳು ಅಜ್ಜಿ. "ಅವರು ಎಲ್ಲೂ ಹೋಗಲ್ಲ. ಯಾರು ಏನಂತಾರೋ ಅನ್ಲಿ," ಅಂದಳು. ಅಂದದ್ದೇನೋ ಗಟ್ಟಿಯಾಗಿಯೇ, ಆದರೆ ಕಣ್ಣು ಎದುರು ಮನೆಯ ಬಾಗಿಲ ಮೇಲಿತ್ತು.

ನನ್ನ ಈಗಿನ ಬದುಕಿನಲ್ಲಿ ಹೊಸಬರು ದಿನಕ್ಕೊಬ್ಬರು ಕಾಣುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಿಹಾರದವರಿದ್ದಾರೆ, ಒಡಿಶಾದವರಿದ್ದಾರೆ. ಕಡ್ಡಿರಾಂಪುರದ ದಾರಿಯಲ್ಲಿ ಹಂಪಿ ನೋಡಲು ಬಂದು ಅಲ್ಲೇ ಉಳಿದವರೂ ಇದ್ದಾರೆ. ನಮ್ಮ ಪದ್ಧತಿ ತಪ್ಪಿದವರನ್ನು ಕಂಡಾಗ ನನಗೂ ಮೊದಲು ಮುಖ ಗಂಟಾಗುತ್ತದೆ. ಆಮೇಲೆ ನಾನು ಅವರು ಯಾವುದನ್ನು ಮುಚ್ಚಿಕೊಳ್ಳುತ್ತಾರೆ, ಯಾವುದನ್ನು ಬಿಡಲು ಅಂಜುತ್ತಾರೆ ಅಂತ ನೋಡುತ್ತೇನೆ. ಇದನ್ನು ನನಗೆ ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಲಿಲ್ಲ. ಇಂಗ್ಲಿಷ್ ಕಲಿಸಿದರು, ಕಸೂತಿ ಕಲಿಸಿದರು, ಮೇಜಿನ ಮೇಲೆ ಚಮಚ ಇಡುವುದು ಕಲಿಸಿದರು. ಇದು ಬಂದದ್ದು ಹೊಸ್ತಿಲು ದಾಟಿ ನೆಲದ ಮೇಲೆ ಕೂತ ಆ ಮುದುಕಿಯಿಂದ.

ದೀಪ ಹಚ್ಚುವ ಹೊತ್ತಿಗೆ ಅಜ್ಜಿ ಎಂದಿನಂತೆ ಕಟ್ಟೆಯ ಮೇಲೆ ಕೂತಳು. ನಾನು ಪಕ್ಕದಲ್ಲಿ, ಹೊಸ ಬಳೆ ಎಣಿಸಿಕೊಳ್ಳುತ್ತಾ. ಎದುರು ಮನೆಯ ಬಾಗಿಲು ತೆರೆಯಿತು. ಪಂಪಕ್ಕ ಹೊರಗೆ ಬಂದು, ಬೀದಿಯ ಎರಡೂ ಕಡೆ ನೋಡಿ, ನಿಧಾನಕ್ಕೆ ದಾಟಿ ಬಂದು ಕಟ್ಟೆಯ ತುದಿಗೆ ಕೂತಳು. ಅಜ್ಜಿ ಸೆರಗು ಸರಿಮಾಡಿಕೊಂಡಳು. ಪಂಪಕ್ಕ ಕುಬಸದ ಮಾತೇ ಎತ್ತಲಿಲ್ಲ. ಕಂಪ್ಲಿಯ ಬೀಗರು ಬಸ್ಸಿಗೆ ಹೋದರೋ ಕಾರಿಗೋ ಅಂತ ಕೇಳಿದಳು. ಚಿತ್ರಾನ್ನಕ್ಕೆ ಹುಳಿ ಕಮ್ಮಿಯಾಗಿತ್ತಂತೆ, ಯಾರೋ ಅಂದರು, ಅಂದಳು. ಧೂಳು ಭಾಳ ಆತು ಈ ವರ್ಷ, ಅಂದಳು. ಅಜ್ಜಿ ಎಲ್ಲಕ್ಕೂ ಹೂಂ ಅನ್ನುತ್ತಾ, ಬರಲಿರುವ ಮಾತಿಗೆ ಕಾಯುತ್ತಿದ್ದಳು. ಒಳಗೆ ಹಿತ್ತಲ ಕಡೆಯಿಂದ ಗಿರಿಜತ್ತೆಯೂ ಮಿನತಿಯೂ ಏನಕ್ಕೋ ನಗುವುದು ಕೇಳಿಸಿತು. ಪಂಪಕ್ಕ ಆ ಕಡೆ ಕಿವಿ ಕೊಟ್ಟಳು, ಮೊಣಕಾಲಿಗೆ ಕೈ ಊರಿ ಎದ್ದಳು, ಎರಡು ಹೆಜ್ಜೆ ಹೋದವಳು ಏನೋ ನೆನಪಾದ ಹಾಗೆ ಅಲ್ಲಿಂದಲೇ ಹೇಳಿದಳು:

"ಅಲ್ಲ ಯಕ್ಕಾ, ನಿಮ್ಮನ್ಯಾಗ ಬಾಣಂತಿ ಹೊರಸು ಇರೋದು ಒಂದಲ್ಲ? ನಮ್ದೊಂದು ಅಟ್ಟದ ಮ್ಯಾಲೆ ಸುಮ್ನ ಬಿದ್ದೈತಿ, ತಗಣಿ ಬಡಿಸಿ ನಾಳೆ ಬಿಸಿಲಿಗೆ ಹಾಕಸ್ತೀನಿ. ಇಬ್ರು ಬಾಣಂತ್ಯಾರನ್ನ ಒಂದರ ಮ್ಯಾಲೆ ಮಲಗಸಾಕ ಆಗ್ತೈತೇನು?"